ಅತಿವಾಹಕದೊಳಗಿನ ಎಲೆಕ್ಟ್ರಾನ್: ಬೆಳಕು ತೋರಿಸಿದ್ದೆಷ್ಟು, ಉಳಿದಿರುವುದೆಷ್ಟು?

2023ರ ಜುಲೈ ತಿಂಗಳಿನಲ್ಲಿ ದಕ್ಷಿಣ ಕೊರಿಯಾದಿಂದ ಬಂದ ಸುದ್ದಿಯೊಂದು ಜಗತ್ತಿನಾದ್ಯಂತ ಸಂಚಲನ ಮೂಡಿಸಿತ್ತು. ಸೀಸ, ರಂಜಕ, ಆಮ್ಲಜನಕ ಮತ್ತು ಸ್ವಲ್ಪ ತಾಮ್ರವನ್ನು ಬೆರೆಸಿ ತಯಾರಿಸಿದ 'ಎಲ್‌ಕೆ-99' ಎಂಬ ವಸ್ತುವು ಕೋಣೆಯ ಉಷ್ಣಾಂಶದಲ್ಲಿಯೇ, ಸಾಮಾನ್ಯ ಒತ್ತಡದಲ್ಲಿಯೇ ಅತಿವಾಹಕವಾಗುತ್ತದೆ ಎಂಬುದು ಆ ಸುದ್ದಿ. ಕೆಲವೇ ವಾರಗಳಲ್ಲಿ ಹಲವು ದೇಶಗಳ ಪ್ರಯೋಗಾಲಯಗಳು ಅದನ್ನು ಮತ್ತೆ ತಯಾರಿಸಿ ಪರೀಕ್ಷಿಸಿದವು. ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯವೂ ಅವುಗಳಲ್ಲಿ ಒಂದು. ಎಲ್ಲಿಯೂ ಅತಿವಾಹಕತೆ ಕಂಡುಬರಲಿಲ್ಲ. ವಿದ್ಯುತ್ ರೋಧವು ಹಠಾತ್ತನೆ ಕುಸಿದಂತೆ ತೋರಿದ್ದಕ್ಕೆ ಕಾರಣ ವಸ್ತುವಿನಲ್ಲಿ ಕಲ್ಮಶವಾಗಿ ಉಳಿದಿದ್ದ ತಾಮ್ರದ ಸಲ್ಫೈಡ್ ಎಂಬುದು ಸ್ಪಷ್ಟವಾಯಿತು.

ಇಂತಹ ಪ್ರಕಟಣೆಗಳು ಆಗಾಗ ಬರುತ್ತವೆ, ಬಂದಷ್ಟೇ ಬೇಗ ಮರೆಯಾಗುತ್ತವೆ. ಇದಕ್ಕೆ ಸಂಶೋಧಕರ ಆತುರವೊಂದೇ ಕಾರಣವಲ್ಲ. ಅತಿ ಹೆಚ್ಚು ಉಷ್ಣಾಂಶದಲ್ಲಿ ಅತಿವಾಹಕವಾಗುವ ವಸ್ತು ಹೇಗಿರಬೇಕು ಎಂದು ಮೊದಲೇ ಲೆಕ್ಕ ಹಾಕಿ ಹೇಳಬಲ್ಲ ಸರ್ವಸಮ್ಮತ ಸಿದ್ಧಾಂತ ನಮ್ಮಲ್ಲಿಲ್ಲ. ಆದುದರಿಂದ ಹೊಸ ವಸ್ತುವಿನ ಹುಡುಕಾಟವು ಬಹುಮಟ್ಟಿಗೆ ಊಹೆ ಮತ್ತು ಪ್ರಯೋಗಗಳ ದಾರಿಯಲ್ಲಿಯೇ ಸಾಗಿದೆ. ಸಿದ್ಧಾಂತ ಬೇಕಾದರೆ ಆ ವಸ್ತುಗಳ ಒಳಗೆ ಎಲೆಕ್ಟ್ರಾನ್‌ಗಳು ಏನು ಮಾಡುತ್ತಿವೆ ಎಂಬುದು ಮೊದಲು ತಿಳಿಯಬೇಕು. ಇದನ್ನು ನೇರವಾಗಿ ನೋಡಲು ವಿಜ್ಞಾನಿಗಳು ಬಳಸುವ ಮುಖ್ಯ ಸಾಧನವೇ ಕೋನಾಧಾರಿತ ದ್ಯುತಿ ಎಲೆಕ್ಟ್ರಾನ್ ಸ್ಪೆಕ್ಟ್ರೋಸ್ಕೋಪಿ. ಇಂಗ್ಲಿಷಿನ ಮೊದಲಕ್ಷರಗಳನ್ನು ಜೋಡಿಸಿ ಇದನ್ನು 'ಆರ್ಪೆಸ್' ಎಂದು ಕರೆಯುತ್ತಾರೆ. ಮೂರೂವರೆ ದಶಕಗಳಲ್ಲಿ ಈ ಸಾಧನ ಏನನ್ನು ತೋರಿಸಿಕೊಟ್ಟಿದೆ, ಯಾವುದನ್ನು ತೋರಿಸಲಾರದು ಎಂಬುದನ್ನು ಅರಿತರೆ ಈ ಕ್ಷೇತ್ರದ ಒಗಟು ಎಲ್ಲಿ ನಿಂತಿದೆ ಎಂಬುದು ತಿಳಿಯುತ್ತದೆ.

ರೋಧವಿಲ್ಲದ ಹರಿವು

1911ರಲ್ಲಿ ಹಾಲೆಂಡಿನ ಲೈಡನ್ ವಿಶ್ವವಿದ್ಯಾಲಯದಲ್ಲಿ ಹೈಕೆ ಕಾಮರ್ಲಿಂಗ್ ಓನ್ಸ್ ಅವರು ಪಾದರಸವನ್ನು ದ್ರವ ಹೀಲಿಯಮ್‌ನಲ್ಲಿ ತಣಿಸುತ್ತಿದ್ದಾಗ, ಸುಮಾರು 4.2 ಕೆಲ್ವಿನ್ ಉಷ್ಣಾಂಶದಲ್ಲಿ ಅದರ ವಿದ್ಯುತ್ ರೋಧವು ಒಮ್ಮೆಗೇ ಇಲ್ಲವಾಯಿತು. ನಮ್ಮ ಲೆಕ್ಕದಲ್ಲಿ ಇದು ಶೂನ್ಯಕ್ಕಿಂತ 269 ಡಿಗ್ರಿ ಸೆಲ್ಸಿಯಸ್ ಕೆಳಗೆ. ಇದಾದ 46 ವರ್ಷಗಳ ನಂತರ, ಎಂದರೆ 1957ರಲ್ಲಿ, ಜಾನ್ ಬಾರ್ಡೀನ್, ಲಿಯಾನ್ ಕೂಪರ್ ಮತ್ತು ರಾಬರ್ಟ್ ಶ್ರೀಫರ್ ಅವರು ಈ ವಿದ್ಯಮಾನಕ್ಕೆ ವಿವರಣೆ ನೀಡಿದರು. ಮೂವರ ಹೆಸರಿನ ಮೊದಲಕ್ಷರಗಳಿಂದ ಇದು 'ಬಿಸಿಎಸ್ ಸಿದ್ಧಾಂತ' ಎಂದೇ ಪ್ರಸಿದ್ಧವಾಗಿದೆ.

ಋಣ ವಿದ್ಯುದಂಶವುಳ್ಳ ಎರಡು ಎಲೆಕ್ಟ್ರಾನ್‌ಗಳು ಪರಸ್ಪರ ವಿಕರ್ಷಿಸಬೇಕು. ಆದರೆ ಲೋಹದೊಳಗೆ ಅವು ಪರೋಕ್ಷವಾಗಿ ಆಕರ್ಷಣೆಗೆ ಒಳಗಾಗಬಲ್ಲವು ಎಂಬುದು ಈ ಸಿದ್ಧಾಂತದ ತಿರುಳು. ಎದೆಯೆತ್ತರ ಬೆಳೆದ ಹುಲ್ಲಿನ ನಡುವೆ ಒಬ್ಬ ನಡೆದುಹೋದರೆ ಬಾಗಿದ ಹುಲ್ಲು ತಕ್ಷಣವೇ ನೆಟ್ಟಗಾಗುವುದಿಲ್ಲ. ಹಿಂದೆ ಬರುವವನಿಗೆ ಅದೇ ಜಾಡು ಸುಲಭವೆನಿಸುತ್ತದೆ. ಹಾಗೆಯೇ ಎಲೆಕ್ಟ್ರಾನೊಂದು ಸಾಗುವಾಗ ಸುತ್ತಲಿನ ಧನ ವಿದ್ಯುದಂಶದ ಪರಮಾಣುಗಳನ್ನು ತುಸು ತನ್ನೆಡೆಗೆ ಸೆಳೆಯುತ್ತದೆ. ಭಾರವಾದ ಆ ಪರಮಾಣುಗಳು ಮರಳಿ ಸ್ವಸ್ಥಾನ ಸೇರುವ ಮೊದಲೇ ಇನ್ನೊಂದು ಎಲೆಕ್ಟ್ರಾನ್ ಆ ಜಾಡಿಗೆ ಆಕರ್ಷಿತವಾಗುತ್ತದೆ. ಹೀಗೆ ಎಲೆಕ್ಟ್ರಾನ್‌ಗಳು ಜೋಡಿಯಾಗುತ್ತವೆ. ಜೋಡಿಗಳೆಲ್ಲ ಒಂದೇ ಲಯದಲ್ಲಿ ಸಾಗುತ್ತವೆ. ಈ ಜೋಡಿಯನ್ನು ಮುರಿಯಲು ಕನಿಷ್ಠ ಪ್ರಮಾಣದ ಶಕ್ತಿ ಬೇಕು. ಇದಕ್ಕೆ 'ಶಕ್ತಿ ಅಂತರ' ಎಂದು ಹೆಸರು. ಮುಂದಿನ ಕಥೆಯೆಲ್ಲ ಈ ಅಂತರದ ಸುತ್ತಲೇ ಸುತ್ತುತ್ತದೆ ಎಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಪರಮಾಣುಗಳ ಕಂಪನವೇ ಅಂಟಿನಂತೆ ಕೆಲಸ ಮಾಡುವ ಈ ವ್ಯವಸ್ಥೆಯಲ್ಲಿ, ಸಾಮಾನ್ಯ ಒತ್ತಡದಲ್ಲಿ 30-40 ಕೆಲ್ವಿನ್ ದಾಟುವುದು ಕಷ್ಟವೆಂಬ ಭಾವನೆ ಬಹುಕಾಲ ಇತ್ತು. 1973ರಲ್ಲಿ ನಯೋಬಿಯಂ ಮತ್ತು ಜರ್ಮೇನಿಯಂಗಳ ಮಿಶ್ರಣವೊಂದು ಮುಟ್ಟಿದ 23 ಕೆಲ್ವಿನ್ ದಾಖಲೆಯು 13 ವರ್ಷ ಅಬಾಧಿತವಾಗಿ ಉಳಿದದ್ದೂ ಈ ಭಾವನೆಯನ್ನು ಬಲಪಡಿಸಿತ್ತು.

ತಾಮ್ರದ ಆಕ್ಸೈಡುಗಳ ಅಚ್ಚರಿ

1986ರಲ್ಲಿ ಸ್ವಿಟ್ಜರ್‌ಲೆಂಡಿನ ಜ್ಯೂರಿಕ್ ಸಮೀಪದ ಐಬಿಎಂ ಪ್ರಯೋಗಾಲಯದಲ್ಲಿ ಗೇಯಾರ್ಗ್ ಬೆಡ್ನೋರ್ಜ್ ಮತ್ತು ಅಲೆಕ್ಸ್ ಮುಲ್ಲರ್ ಅವರು ಲ್ಯಾಂಥನಮ್, ಬೇರಿಯಮ್, ತಾಮ್ರ ಮತ್ತು ಆಮ್ಲಜನಕ ಸೇರಿದ ಪಿಂಗಾಣಿಯಂಥ ವಸ್ತುವೊಂದರಲ್ಲಿ 30 ಕೆಲ್ವಿನ್ ಆಸುಪಾಸಿನಲ್ಲಿ ಅತಿವಾಹಕತೆಯ ಲಕ್ಷಣಗಳನ್ನು ಕಂಡರು. ಮರುವರ್ಷವೇ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. 1987ರ ಆರಂಭದಲ್ಲಿ ಅಮೆರಿಕದಲ್ಲಿ ಪಾಲ್ ಚು, ಮಾವ್-ಕುಯೆನ್ ವು ಮತ್ತು ಸಂಗಡಿಗರು ಇಟ್ರಿಯಮ್ ಬಳಸಿದ ಇನ್ನೊಂದು ಆಕ್ಸೈಡಿನಲ್ಲಿ 93 ಕೆಲ್ವಿನ್ ಮುಟ್ಟಿದರು. ದ್ರವ ಸಾರಜನಕ ಕುದಿಯುವುದು 77 ಕೆಲ್ವಿನ್‌ನಲ್ಲಿ. ದುಬಾರಿ ಹೀಲಿಯಮ್‌ನ ಬದಲಿಗೆ ಅಗ್ಗದ ಸಾರಜನಕದಲ್ಲಿಯೇ ತಣಿಸಬಹುದಾದ ಅತಿವಾಹಕ ಕೈಗೆ ಸಿಕ್ಕಿದ್ದು ಹೀಗೆ.

ಬೆಂಗಳೂರಿಗೂ ಈ ಚರಿತ್ರೆಯಲ್ಲಿ ಪಾಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಸಿ.ಎನ್.ಆರ್. ರಾವ್ ಅವರ ತಂಡವು ಇದೇ ಕುಟುಂಬದ ಆಕ್ಸೈಡುಗಳನ್ನು 1986ಕ್ಕೂ ಮೊದಲೇ ಅಧ್ಯಯನ ಮಾಡಿತ್ತು. ಇಟ್ರಿಯಮ್ ಆಕ್ಸೈಡಿನಲ್ಲಿ ಅತಿವಾಹಕತೆಗೆ ಕಾರಣವಾದ ನಿರ್ದಿಷ್ಟ ಸಂಯುಕ್ತವನ್ನು 1987ರಲ್ಲಿ ಗುರುತಿಸಿದ ತಂಡಗಳಲ್ಲಿ ಅದೂ ಒಂದು. ಅದೇ ವರ್ಷದ ಜನವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಅಂತಾರಾಷ್ಟ್ರೀಯ ಸಮ್ಮೇಳನವೊಂದರಲ್ಲಿ ನೊಬೆಲ್ ಪುರಸ್ಕೃತ ಫಿಲಿಪ್ ಆ್ಯಂಡರ್ಸನ್ ಅವರು ಹೊಸ ಕಲ್ಪನೆಯೊಂದನ್ನು ಮುಂದಿಟ್ಟರು. ಇಲ್ಲಿ ಎಲೆಕ್ಟ್ರಾನ್‌ಗಳನ್ನು ಜೋಡಿಸುವುದು ಪರಮಾಣುಗಳ ಕಂಪನವಲ್ಲ, ಎಲೆಕ್ಟ್ರಾನ್‌ಗಳ ನಡುವಿನ ಕಾಂತೀಯ ಸಂಬಂಧವೇ ಎಂಬುದು ಅದರ ಸಾರ. ಭಾರತೀಯ ಭೌತವಿಜ್ಞಾನಿ ಗಣಪತಿ ಭಾಸ್ಕರನ್ ಅವರು ಆ್ಯಂಡರ್ಸನ್ ಜತೆಗೂಡಿ ಇದನ್ನು ಬೆಳೆಸಿದರು.

ಈ ವಸ್ತುಗಳೆಲ್ಲವುಗಳ ಹೃದಯ ಒಂದೇ: ತಾಮ್ರ ಮತ್ತು ಆಮ್ಲಜನಕದ ಪರಮಾಣುಗಳು ಚೌಕಟ್ಟಿನಂತೆ ಜೋಡಣೆಗೊಂಡ ತೆಳುವಾದ ಹಾಳೆಗಳು. ಚದುರಂಗದ ಮಣೆಯ ಪ್ರತಿ ಮನೆಯಲ್ಲಿಯೂ ಒಂದೊಂದು ಕಾಯಿ ಇದ್ದು, ಒಂದು ಮನೆಯಲ್ಲಿ ಎರಡು ಕಾಯಿ ಇರಕೂಡದೆಂಬ ನಿಯಮವಿದ್ದರೆ ಯಾವ ಕಾಯಿಯೂ ಕದಲಲಾರದು. ಮೂಲ ವಸ್ತುವಿನಲ್ಲಿ ಎಲೆಕ್ಟ್ರಾನ್‌ಗಳ ಸ್ಥಿತಿ ಇದೇ. ಆದುದರಿಂದ ಅದು ಲೋಹವಲ್ಲ, ಅವಾಹಕ. ರಾಸಾಯನಿಕ ಬೆರಕೆಯ ಮೂಲಕ ಕೆಲವು ಎಲೆಕ್ಟ್ರಾನ್‌ಗಳನ್ನು ತೆಗೆದಾಗ ಮಾತ್ರ ಖಾಲಿ ಮನೆಗಳು ಹುಟ್ಟಿ ಚಲನೆ ಸಾಧ್ಯವಾಗುತ್ತದೆ. ಪ್ರತಿ ನೂರು ತಾಮ್ರದ ಪರಮಾಣುಗಳಿಗೆ ಸುಮಾರು 16 ಎಲೆಕ್ಟ್ರಾನ್‌ಗಳನ್ನು ತೆಗೆದಾಗ ಅತಿವಾಹಕತೆ ಅತ್ಯುಚ್ಚ ಉಷ್ಣಾಂಶವನ್ನು ಮುಟ್ಟುತ್ತದೆ. ಪರಸ್ಪರ ಇಷ್ಟು ತೀವ್ರವಾಗಿ ವಿಕರ್ಷಿಸುವ ಎಲೆಕ್ಟ್ರಾನ್‌ಗಳು ಅತ್ಯಂತ ಬಲವಾದ ಜೋಡಿಗಳನ್ನು ಕಟ್ಟುವುದು ಹೇಗೆ? 1986ರಿಂದ ಇಂದಿನವರೆಗೂ ಕಾಡುತ್ತಿರುವ ಪ್ರಶ್ನೆ ಇದು.

ಬೆಳಕು ಹೊರಗೆಳೆಯುವ ಎಲೆಕ್ಟ್ರಾನ್

ಲೋಹದ ಮೇಲೆ ಬೆಳಕು ಬಿದ್ದಾಗ ಎಲೆಕ್ಟ್ರಾನ್‌ಗಳು ಹೊರಚಿಮ್ಮುವುದನ್ನು ದ್ಯುತಿವಿದ್ಯುತ್ ಪರಿಣಾಮ ಎನ್ನುತ್ತಾರೆ. 1887ರಲ್ಲಿ ಹೈನ್ರಿಚ್ ಹರ್ಟ್ಜ್ ಇದರ ಸುಳಿವು ಕಂಡರು. 1905ರಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ಕಾರಣ ತಿಳಿಸಿದರು: ಬೆಳಕು ಫೋಟಾನ್ ಎಂಬ ಶಕ್ತಿಯ ಕಂತೆಗಳಾಗಿ ಬರುತ್ತದೆ, ಒಂದು ಫೋಟಾನ್ ತನ್ನ ಶಕ್ತಿಯನ್ನೆಲ್ಲ ಒಂದು ಎಲೆಕ್ಟ್ರಾನ್‌ಗೆ ಕೊಟ್ಟು ಅದನ್ನು ಹೊರಗೆಳೆಯುತ್ತದೆ. ಅವರಿಗೆ ನೊಬೆಲ್ ಪ್ರಶಸ್ತಿ ತಂದುಕೊಟ್ಟ ಸಂಶೋಧನೆ ಇದೇ. ಆರ್ಪೆಸ್‌ನ ಅಡಿಪಾಯವೂ ಇದೇ.

ಲೆಕ್ಕ ಸರಳವಾಗಿದೆ. ಹೀಲಿಯಮ್ ದೀಪದಿಂದ ಬರುವ ಅತಿನೇರಳೆ ಬೆಳಕಿನ ಒಂದು ಫೋಟಾನ್‌ನ ಶಕ್ತಿ 21.2 ಎಲೆಕ್ಟ್ರಾನ್‌ವೋಲ್ಟ್. ವಸ್ತುವಿನ ಮೇಲ್ಮೈ ದಾಟಿ ಹೊರಬರಲು ಎಲೆಕ್ಟ್ರಾನ್ ತೆರಬೇಕಾದ ಸುಂಕ ಸುಮಾರು 4.2 ಎಂದಿಟ್ಟುಕೊಳ್ಳೋಣ. ಹೊರಬಂದ ಎಲೆಕ್ಟ್ರಾನ್‌ನ ಚಲನಶಕ್ತಿ 16.5 ಎಂದು ಅಳತೆಯಲ್ಲಿ ತಿಳಿದರೆ, ಲೆಕ್ಕಕ್ಕೆ ಸಿಗದ ಅರ್ಧ ಎಲೆಕ್ಟ್ರಾನ್‌ವೋಲ್ಟ್ ಅದನ್ನು ವಸ್ತುವಿನೊಳಗೆ ಹಿಡಿದಿಟ್ಟಿದ್ದ ಬಂಧಕ ಶಕ್ತಿ ಎಂದಾಯಿತು. ಜಮಾ-ಖರ್ಚಿನ ಪುಸ್ತಕದಲ್ಲಿ ಶಿಲ್ಕು ತೆಗೆದಂತೆ.

ಶಕ್ತಿಯ ಜತೆಗೆ ದಿಕ್ಕೂ ಮುಖ್ಯ. ಎಲೆಕ್ಟ್ರಾನ್ ಯಾವ ಕೋನದಲ್ಲಿ ಹೊರಬಂತು ಎಂಬುದನ್ನು ಅಳೆದರೆ, ವಸ್ತುವಿನೊಳಗೆ ಅದು ಮೇಲ್ಮೈಗೆ ಸಮಾಂತರವಾಗಿ ಯಾವ ದಿಕ್ಕಿನಲ್ಲಿ ಎಷ್ಟು ಸಂವೇಗದಿಂದ ಸಾಗುತ್ತಿತ್ತು ಎಂಬುದು ಗೊತ್ತಾಗುತ್ತದೆ. ತಾಮ್ರದ ಆಕ್ಸೈಡುಗಳಲ್ಲಿ ಎಲೆಕ್ಟ್ರಾನ್‌ಗಳು ಮುಖ್ಯವಾಗಿ ಹಾಳೆಗಳೊಳಗೇ ಓಡಾಡುವುದರಿಂದ ಈ ಮಾಹಿತಿಯೇ ಬಹುತೇಕ ಸಾಕು. ಸಾಮಾನ್ಯ ರೋಧಮಾಪನವು ಕೋಟ್ಯಂತರ ಎಲೆಕ್ಟ್ರಾನ್‌ಗಳ ಒಟ್ಟು ವರ್ತನೆಯ ಸರಾಸರಿಯನ್ನು ಹೇಳುತ್ತದೆ. ಆರ್ಪೆಸ್ ಆದರೋ ಈ ದಿಕ್ಕಿನಲ್ಲಿ ಸಾಗುವ ಎಲೆಕ್ಟ್ರಾನ್‌ಗಳ ಶಕ್ತಿ ಇಷ್ಟು, ಆ ದಿಕ್ಕಿನವುಗಳದ್ದು ಇಷ್ಟು ಎಂದು ಬೇರೆಬೇರೆಯಾಗಿ ವರದಿ ಮಾಡುತ್ತದೆ. ಊರಿನ ಸರಾಸರಿ ವರಮಾನ ತಿಳಿಯುವುದಕ್ಕೂ, ಮನೆಮನೆಯ ಲೆಕ್ಕ ಸಿಗುವುದಕ್ಕೂ ಇರುವ ವ್ಯತ್ಯಾಸ ಇದು.

ಕಾಗೆಬಂಗಾರದಂತೆ ಸೀಳುವ ಹರಳು

ಹೇಳಿದಷ್ಟು ಸುಲಭವಲ್ಲ ಮಾಡುವುದು. ಈ ಶಕ್ತಿಯ ಎಲೆಕ್ಟ್ರಾನ್ ಘನವಸ್ತುವಿನೊಳಗೆ ಹೆಚ್ಚು ದೂರ ಸಾಗುವ ಮುನ್ನವೇ ಮತ್ತೊಂದಕ್ಕೆ ಡಿಕ್ಕಿ ಹೊಡೆದು ಶಕ್ತಿ ಕಳೆದುಕೊಳ್ಳುತ್ತದೆ. ಹೀಗಾಗಿ ಮೇಲಿನ ಕೆಲವೇ ಪರಮಾಣು ಪದರಗಳಿಂದ ಬಂದವುಗಳು ಮಾತ್ರ ನಿಜವಾದ ಸುದ್ದಿ ತರುತ್ತವೆ. ಆ ಮೇಲ್ಮೈಯ ಮೇಲೆ ಗಾಳಿಯ ಅಣುಗಳ ಒಂದು ಪದರ ಕುಳಿತರೂ ಸುದ್ದಿ ಕೆಟ್ಟಂತೆಯೇ. ಆದುದರಿಂದ ಪ್ರಯೋಗವು ವಾತಾವರಣದ ಒತ್ತಡದ ಹತ್ತು ಲಕ್ಷ ಕೋಟಿಯಲ್ಲಿ ಒಂದು ಪಾಲಿನಷ್ಟು ಮಾತ್ರ ಒತ್ತಡವಿರುವ ನಿರ್ವಾತದಲ್ಲಿ ನಡೆಯುತ್ತದೆ. ಹರಳಿನ ನೆತ್ತಿಗೆ ಅಂಟಿನಿಂದ ಪುಟ್ಟ ಕಡ್ಡಿಯೊಂದನ್ನು ನಿಲ್ಲಿಸಿ, ನಿರ್ವಾತದೊಳಗೇ ಅದನ್ನು ತಟ್ಟಿ ಬೀಳಿಸುತ್ತಾರೆ. ಕಡ್ಡಿಯೊಂದಿಗೆ ಮೇಲಿನ ಪದರ ಕಿತ್ತುಬಂದು, ಯಾವ ಗಾಳಿಯೂ ಸೋಕದ ಹೊಸ ಮೇಲ್ಮೈ ತೆರೆದುಕೊಳ್ಳುತ್ತದೆ.

ಈ ಕೆಲಸಕ್ಕೆ ಹೇಳಿಮಾಡಿಸಿದಂತಿರುವುದು ಬಿಸ್ಮತ್, ಸ್ಟ್ರಾನ್ಷಿಯಮ್, ಕ್ಯಾಲ್ಸಿಯಮ್, ತಾಮ್ರ ಮತ್ತು ಆಮ್ಲಜನಕ ಸೇರಿದ, 'ಬಿಸ್ಮತ್-2212' ಎಂದು ಕರೆಯಲಾಗುವ ವಸ್ತು. ಸುಮಾರು 90 ಕೆಲ್ವಿನ್‌ನಲ್ಲಿ ಅತಿವಾಹಕವಾಗುವ ಇದರಲ್ಲಿ ಬಿಸ್ಮತ್ ಪದರಗಳ ನಡುವಿನ ಬಂಧ ದುರ್ಬಲ. ಕಾಗೆಬಂಗಾರದ ಹಾಗೆ ಅದು ಪದರಪದರವಾಗಿ ನಯವಾಗಿ ಸೀಳುತ್ತದೆ. ಅತಿವಾಹಕಗಳ ಬಗೆಗೆ ಆರ್ಪೆಸ್ ತಿಳಿಸಿರುವುದರಲ್ಲಿ ಬಹುಪಾಲು ಈ ಒಂದು ವಸ್ತುವಿನಿಂದ ಬಂದದ್ದು.

ಬೆಳಕಿಗಾಗಿ ಹೀಲಿಯಮ್ ದೀಪದ ಜತೆಗೆ ಸಿಂಕ್ರೊಟ್ರಾನ್ ಎಂಬ ದೈತ್ಯ ಯಂತ್ರಗಳನ್ನು ಬಳಸುತ್ತಾರೆ. ಉಂಗುರಾಕಾರದ ಕೊಳವೆಯಲ್ಲಿ ಬೆಳಕಿನ ವೇಗಕ್ಕೆ ಸಮೀಪದಲ್ಲಿ ಸುತ್ತುವ ಎಲೆಕ್ಟ್ರಾನ್‌ಗಳು ಹೊರಸೂಸುವ ಪ್ರಖರ ಬೆಳಕಿನಲ್ಲಿ ಬೇಕಾದ ಶಕ್ತಿಯ ಫೋಟಾನ್‌ಗಳನ್ನು ಆರಿಸಿಕೊಳ್ಳಬಹುದು. ಭಾರತದಲ್ಲಿ ಇಂಥ ಸೌಲಭ್ಯ ಇರುವುದು ಇಂದೋರಿನ ರಾಜಾ ರಾಮಣ್ಣ ಪ್ರಗತ ತಂತ್ರಜ್ಞಾನ ಕೇಂದ್ರದಲ್ಲಿ. ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ ಅವರ ಹೆಸರು ಹೊತ್ತ ಈ ಕೇಂದ್ರದ 'ಇಂಡಸ್' ಯಂತ್ರಗಳಲ್ಲಿ ದ್ಯುತಿ ಎಲೆಕ್ಟ್ರಾನ್ ಅಧ್ಯಯನಕ್ಕೆ ಪ್ರತ್ಯೇಕ ವ್ಯವಸ್ಥೆಗಳಿವೆ.

ನಾಲ್ಕು ದಳದ ಅಂತರ

ತಾಮ್ರದ ಆಕ್ಸೈಡಿನಲ್ಲಿ ಶಕ್ತಿ ಅಂತರ ತೆರೆದುಕೊಳ್ಳುವುದನ್ನು ಅಮೆರಿಕದ ವಿಜ್ಞಾನಿಗಳು ಆರ್ಪೆಸ್ ಮೂಲಕ 1989ರಲ್ಲಿಯೇ ಕಂಡಿದ್ದರು. ಹಳೆಯ ಅತಿವಾಹಕಗಳಲ್ಲಿ ಈ ಅಂತರವು ಎಲ್ಲ ದಿಕ್ಕುಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತದೆ. ಇಲ್ಲಿಯೂ ಹಾಗೆಯೇ ಇರಬಹುದೇ? 1993ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಝಿ-ಶುನ್ ಶೆನ್ ಮತ್ತು ಸಂಗಡಿಗರು ದಿಕ್ಕು ಬದಲಿಸುತ್ತ ಬಿಸ್ಮತ್-2212ರ ಅಂತರವನ್ನು ಅಳೆದರು. ತಾಮ್ರ-ಆಮ್ಲಜನಕ ಬಂಧದ ದಿಕ್ಕಿನಲ್ಲಿ ಅಂತರ ಅತಿ ದೊಡ್ಡದಾಗಿತ್ತು. ಅದಕ್ಕೆ 45 ಡಿಗ್ರಿ ಓರೆಯಾದ ಕರ್ಣದ ದಿಕ್ಕಿನಲ್ಲಿ ಬಹುತೇಕ ಇಲ್ಲವೇ ಇಲ್ಲ ಎನ್ನುವಷ್ಟಕ್ಕೆ ಕುಗ್ಗಿತ್ತು. ದಿಕ್ಕಿಗನುಗುಣವಾಗಿ ಚಿತ್ರ ಬರೆದರೆ ನಾಲ್ಕು ದಳಗಳ ರಂಗೋಲಿಯಂತೆ ಕಾಣುವ ಈ ಆಕಾರಕ್ಕೆ ಭೌತಶಾಸ್ತ್ರದಲ್ಲಿ 'ಡಿ-ತರಂಗ' ಎಂದು ಹೆಸರು.

ಇದರ ಮಹತ್ವವನ್ನು ಸ್ವಲ್ಪ ವಿವರಿಸಬೇಕು. ಡಿ-ತರಂಗದ ಜೋಡಿಯಲ್ಲಿ ಎರಡು ಎಲೆಕ್ಟ್ರಾನ್‌ಗಳು ಒಂದೇ ಸ್ಥಾನದಲ್ಲಿ ಎಂದೂ ಸಂಧಿಸುವುದಿಲ್ಲ. ಒಂದೇ ಮನೆಯಲ್ಲಿ ಎರಡು ಕಾಯಿ ಇರಕೂಡದೆಂಬ ಮಣೆಯ ನಿಯಮವನ್ನು ಪಾಲಿಸಿಕೊಂಡೇ ಜೋಡಿಯಾಗುವ ಉಪಾಯ ಇದು. ಎಲೆಕ್ಟ್ರಾನ್‌ಗಳ ಪರಸ್ಪರ ವಿಕರ್ಷಣೆಯು ಜೋಡಿಯಾಗುವಿಕೆಗೆ ಅಡ್ಡಿಯಲ್ಲ, ಪ್ರಾಯಶಃ ಅದೇ ಅದರ ಮೂಲ ಎಂಬ ವಾದಕ್ಕೆ ಇದರಿಂದ ಬಲ ಬಂತು.

ಅಂತರದ ಗಾತ್ರವೂ ಸೋಜಿಗದ್ದೇ. ಬಿಸಿಎಸ್ ಸೂತ್ರದ ಪ್ರಕಾರ 90 ಕೆಲ್ವಿನ್‌ನ ಅತಿವಾಹಕದಲ್ಲಿ ಅದು ಸುಮಾರು 14 ಮಿಲಿ ಎಲೆಕ್ಟ್ರಾನ್‌ವೋಲ್ಟ್ ಇರಬೇಕು. ಅಳತೆಯಲ್ಲಿ ಸಿಕ್ಕಿದ ಗರಿಷ್ಠ ಅಂತರ ಅದರ ಎರಡು ಪಟ್ಟಿಗೂ ಹೆಚ್ಚು.

ಆದರೆ ಆರ್ಪೆಸ್ ಅಂತರದ ಗಾತ್ರವನ್ನು ಮಾತ್ರ ಹೇಳಬಲ್ಲದು, ಅದರ ಚಿಹ್ನೆಯನ್ನಲ್ಲ. ಡಿ-ತರಂಗದಲ್ಲಿ ಅಕ್ಕಪಕ್ಕದ ದಳಗಳು ಧನ ಮತ್ತು ಋಣವಾಗಿ ಬದಲಾಗಬೇಕು. ಇದನ್ನು ದೃಢಪಡಿಸಿದ್ದು ಬೇರೆಯದೇ ರೀತಿಯ ಪ್ರಯೋಗಗಳು. 1993ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಡೇಲ್ ವ್ಯಾನ್ ಹಾರ್ಲಿಂಗೆನ್ ತಂಡ ಹಾಗೂ 1994ರಲ್ಲಿ ಐಬಿಎಂನ ಚಾಂಗ್ ತ್ಸುಯೇ ಮತ್ತು ಜಾನ್ ಕರ್ಟ್ಲಿ ಅವರು ಅತಿವಾಹಕ ಉಂಗುರಗಳಲ್ಲಿ ಈ ಚಿಹ್ನೆ ಬದಲಾವಣೆಯನ್ನು ತೋರಿಸಿದರು. ಒಂದೇ ಉಪಕರಣದ ಮಾತನ್ನು ನಂಬದೆ ಇನ್ನೊಂದರಿಂದ ಸಾಕ್ಷ್ಯ ಕೇಳುವ ವಿಜ್ಞಾನದ ಕ್ರಮಕ್ಕೆ ಇದೊಂದು ಒಳ್ಳೆಯ ಉದಾಹರಣೆ.

ಹುಸಿ ಅಂತರದ ಒಗಟು

ನಿಜವಾದ ಅಚ್ಚರಿ ಕಾದಿದ್ದದ್ದು 1996ರಲ್ಲಿ. ವಸ್ತುವನ್ನು ಬಿಸಿ ಮಾಡಿ ಅತಿವಾಹಕತೆ ಅಳಿದಾಗ ಜೋಡಿಗಳು ಒಡೆಯಬೇಕು, ಶಕ್ತಿ ಅಂತರ ಮುಚ್ಚಬೇಕು. ಹಳೆಯ ಸಿದ್ಧಾಂತ ಹೇಳುವುದು ಹೀಗೆ. ಆದರೆ ಬೆರಕೆ ಕಡಿಮೆಯಿರುವ ಬಿಸ್ಮತ್-2212 ಹರಳುಗಳಲ್ಲಿ ಹಾಗಾಗಲಿಲ್ಲ. ಸುಮಾರು 83 ಕೆಲ್ವಿನ್‌ನಲ್ಲಿ ಅತಿವಾಹಕತೆ ಕಳೆದುಕೊಂಡ ಹರಳಿನಲ್ಲಿ 170 ಕೆಲ್ವಿನ್‌ವರೆಗೂ ಅಂತರ ಉಳಿದೇ ಇತ್ತು. ರೋಧ ಮರಳಿ ಬಂದಿದೆ, ಆದರೂ ಜೋಡಿಯ ಕುರುಹು ಮಾಸಿಲ್ಲ. ಇದಕ್ಕೆ 'ಹುಸಿ ಅಂತರ' ಎಂದು ಹೆಸರಿಡಲಾಯಿತು. ಸ್ಟ್ಯಾನ್‌ಫರ್ಡ್ ತಂಡ ಮತ್ತು ಹುವಾನ್ ಕಾರ್ಲೋಸ್ ಕಂಪುಝಾನೊ ಮುಂತಾದವರಿದ್ದ ಇನ್ನೊಂದು ತಂಡ ಹೆಚ್ಚುಕಡಿಮೆ ಒಂದೇ ಸಮಯದಲ್ಲಿ ಇದನ್ನು ಪ್ರಕಟಿಸಿದವು. ಎರಡನೆಯ ತಂಡದ ಸೈದ್ಧಾಂತಿಕ ಆಧಾರಸ್ತಂಭಗಳಲ್ಲಿ ಒಬ್ಬರು, ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದ ಮೋಹಿತ್ ರಂಡೇರಿಯಾ.

1998ರಲ್ಲಿ ಇದೇ ತಂಡ ಇನ್ನೊಂದು ವಿಚಿತ್ರವನ್ನು ವರದಿ ಮಾಡಿತು. ಲೋಹದಲ್ಲಿ ಅತ್ಯಧಿಕ ಶಕ್ತಿಯ ಎಲೆಕ್ಟ್ರಾನ್‌ಗಳ ಸಂವೇಗಗಳನ್ನು ಗುರುತು ಹಾಕಿದರೆ ಒಂದು ಮುಚ್ಚಿದ ವಕ್ರರೇಖೆ ಸಿಗುತ್ತದೆ. ಇದಕ್ಕೆ 'ಫರ್ಮಿ ಮೇಲ್ಮೈ' ಎನ್ನುತ್ತಾರೆ. ಲೋಹಗಳ ಗುಣಗಳನ್ನೆಲ್ಲ ವಿವರಿಸುವ ನಕ್ಷೆ ಇದೇ. ಹುಸಿ ಅಂತರವಿರುವ ಸ್ಥಿತಿಯಲ್ಲಿ ಈ ರೇಖೆ ತುಂಡಾಗಿತ್ತು. ಕರ್ಣದ ದಿಕ್ಕುಗಳಲ್ಲಿ ಮಾತ್ರ ನಾಲ್ಕು ಬಿಡಿ ಕಮಾನುಗಳು ಉಳಿದಿದ್ದವು. ಆರಂಭವೂ ಅಂತ್ಯವೂ ಇರುವ ಫರ್ಮಿ ರೇಖೆ ಸಾಮಾನ್ಯ ಲೋಹಗಳಲ್ಲಿ ಇರಲು ಸಾಧ್ಯವೇ ಇಲ್ಲ. ಗಡಿರೇಖೆ ಅರ್ಧಕ್ಕೇ ನಿಂತುಹೋದ ಭೂಪಟ ಸಿಕ್ಕಂತಾಯಿತು.

ಹುಸಿ ಅಂತರದ ಅರ್ಥವೇನು ಎಂಬ ಬಗ್ಗೆ ಎರಡು ಪ್ರಮುಖ ಅಭಿಪ್ರಾಯಗಳಿವೆ. ಎಲೆಕ್ಟ್ರಾನ್‌ಗಳು ಹೆಚ್ಚಿನ ಉಷ್ಣಾಂಶದಲ್ಲಿಯೇ ಜೋಡಿಯಾಗಿಬಿಡುತ್ತವೆ, ಆದರೆ ಎಲ್ಲ ಜೋಡಿಗಳೂ ಒಂದೇ ಲಯಕ್ಕೆ ಬರುವುದು ತಣಿಸಿದ ಮೇಲೆ ಎಂಬುದು ಒಂದು. ಇದು ನಿಜವಾದರೆ ಲಯವನ್ನು ಬಲಪಡಿಸುವ ದಾರಿ ಸಿಕ್ಕಿದಂದು ಅತಿವಾಹಕತೆಯ ಉಷ್ಣಾಂಶವೂ ಏರಬಹುದು. ಹುಸಿ ಅಂತರವು ಅತಿವಾಹಕತೆಯ ಪೂರ್ವರೂಪವಲ್ಲ, ಅದರೊಂದಿಗೆ ಸ್ಪರ್ಧಿಸುವ ಬೇರೊಂದು ವ್ಯವಸ್ಥೆ ಎಂಬುದು ಇನ್ನೊಂದು ಅಭಿಪ್ರಾಯ. 2012ರಲ್ಲಿ ಇಟ್ರಿಯಮ್ ಆಕ್ಸೈಡಿನಲ್ಲಿ ಕ್ಷಕಿರಣಗಳ ನೆರವಿನಿಂದ ವಿದ್ಯುದಂಶದ ಅಲೆಗಳು ಪತ್ತೆಯಾಗಿ, ಇಂಥ ಸ್ಪರ್ಧೆ ಇರುವುದಂತೂ ಖಚಿತವಾಯಿತು. ಆದರೆ ಹುಸಿ ಅಂತರಕ್ಕೆ ಅದೇ ಕಾರಣವೆಂದು ಹೇಳಲಾಗದು. ಎರಡೂ ಅಭಿಪ್ರಾಯಗಳಲ್ಲಿ ಸ್ವಲ್ಪ ಸ್ವಲ್ಪ ಸತ್ಯವಿರಬಹುದೆಂದು ನಂಬುವವರೂ ಇದ್ದಾರೆ.

ಅಂಟು ಯಾವುದು?

2001ರಲ್ಲಿ ಅಲೆಸ್ಸಾಂಡ್ರಾ ಲಂಝಾರಾ ಮತ್ತು ಸಂಗಡಿಗರು ಪ್ರಕಟಿಸಿದ ಫಲಿತಾಂಶವು ಚರ್ಚೆಗೆ ಹೊಸ ತಿರುವು ನೀಡಿತು. ಎಲೆಕ್ಟ್ರಾನ್‌ಗಳ ಶಕ್ತಿ ಮತ್ತು ಸಂವೇಗದ ಸಂಬಂಧವನ್ನು ತೋರಿಸುವ ರೇಖೆ ನೇರವಾಗಿರುವ ಬದಲು 50ರಿಂದ 80 ಮಿಲಿ ಎಲೆಕ್ಟ್ರಾನ್‌ವೋಲ್ಟ್ ನಡುವೆ ಕೊಂಕಿತ್ತು. ಎಲೆಕ್ಟ್ರಾನ್ ಯಾವುದೋ ಕಂಪನದೊಂದಿಗೆ ತಳಕು ಹಾಕಿಕೊಂಡು ನಿಧಾನಗೊಂಡಾಗ ಹೀಗಾಗುತ್ತದೆ. ಜೋಡಿಗಳನ್ನು ಬೆಸೆಯುವ ಅಂಟಿನ ಬೆರಳಚ್ಚೇ ಸಿಕ್ಕಿತೆಂಬ ಉತ್ಸಾಹ ಹಲವರಲ್ಲಿ ಮೂಡಿತು.

ಆದರೆ ಬೆರಳಚ್ಚು ಯಾರದು? ಪರಮಾಣುಗಳ ಕಂಪನದ್ದು ಎಂದು ಲಂಝಾರಾ ತಂಡ ವಾದಿಸಿತು. ನ್ಯೂಟ್ರಾನ್ ಪ್ರಯೋಗಗಳಲ್ಲಿ 40 ಮಿಲಿ ಎಲೆಕ್ಟ್ರಾನ್‌ವೋಲ್ಟ್ ಸಮೀಪ ಕಂಡಿದ್ದ ಕಾಂತೀಯ ಕಂಪನದ್ದು ಎಂದು ಇನ್ನು ಕೆಲವರು ಹೇಳಿದರು. ದುರದೃಷ್ಟವಶಾತ್ ಎರಡೂ ಬಗೆಯ ಕಂಪನಗಳ ಶಕ್ತಿ ಹೆಚ್ಚುಕಡಿಮೆ ಒಂದೇ ವ್ಯಾಪ್ತಿಯಲ್ಲಿದೆ. ಅಷ್ಟೇ ಅಲ್ಲ, ಎಲೆಕ್ಟ್ರಾನ್ ಒಂದು ಕಂಪನದೊಂದಿಗೆ ಸಂಬಂಧ ಹೊಂದಿದೆ ಎಂದ ಮಾತ್ರಕ್ಕೆ ಅದೇ ಜೋಡಿಗೆ ಕಾರಣ ಎಂದಾಗುವುದಿಲ್ಲ. ವಿಕರ್ಷಣೆ ಇಷ್ಟು ಪ್ರಬಲವಾಗಿರುವಲ್ಲಿ ಪ್ರತ್ಯೇಕವಾದ ಅಂಟು ಬೇಕೇ ಎಂದು ಆ್ಯಂಡರ್ಸನ್ ಪ್ರಶ್ನಿಸಿದ್ದರು. ಕಾಂತೀಯ ಸಂಬಂಧವೇ ಮುಖ್ಯ ಕಾರಣವೆಂಬ ಅಭಿಪ್ರಾಯ ಇಂದು ಹೆಚ್ಚು ಮಂದಿಯದು. ಆದರೂ ಅದು ಬಹುಮತವೇ ಹೊರತು ತೀರ್ಪಲ್ಲ.

ಸಾಧನದ ಮಿತಿಗಳು

ಆರ್ಪೆಸ್‌ಗೆ ಕಾಣುವುದು ಮೇಲ್ಮೈ ಮಾತ್ರ. ಮೇಲ್ಮೈಯಲ್ಲಿ ಕಂಡದ್ದು ಒಡಲಿನಲ್ಲಿಯೂ ನಿಜವೇ ಎಂಬ ಆಕ್ಷೇಪ ಆರಂಭದಿಂದಲೂ ಇತ್ತು. ಬಿಸ್ಮತ್-2212ರ ಮಟ್ಟಿಗೆ ಇದಕ್ಕೆ ಒಳ್ಳೆಯ ಉತ್ತರ ದೊರೆತದ್ದು 2019ರಲ್ಲಿ. ಈ ವಸ್ತುವಿನ ಒಂದೇ ಒಂದು ಪದರವನ್ನು ಬೇರ್ಪಡಿಸಿದಾಗಲೂ ಅದು ಹೆಚ್ಚುಕಡಿಮೆ ಇಡೀ ಹರಳಿನಷ್ಟೇ ಉಷ್ಣಾಂಶದಲ್ಲಿ ಅತಿವಾಹಕವಾಗುತ್ತದೆ ಎಂದು ಚೀನಾದ ವಿಜ್ಞಾನಿಗಳು ತೋರಿಸಿದರು. ಆದರೆ ಇಟ್ರಿಯಮ್ ಆಕ್ಸೈಡಿಗೆ ಈ ಮಾತು ಅನ್ವಯಿಸದು. ಅದನ್ನು ಸೀಳಿದಾಗ ಮೇಲ್ಮೈಯ ಬೆರಕೆಯ ಪ್ರಮಾಣವೇ ಬದಲಾಗಿಬಿಡುತ್ತದೆ.

ಕಾಂತಕ್ಷೇತ್ರವನ್ನೂ ಇಲ್ಲಿ ಸುಲಭವಾಗಿ ಬಳಸಲಾಗದು. ಹೊರಬಂದ ಎಲೆಕ್ಟ್ರಾನ್‌ನ ಪಥ ಕ್ಷೇತ್ರದಲ್ಲಿ ಬಾಗಿ, ಕೋನದ ಲೆಕ್ಕವೇ ತಪ್ಪುತ್ತದೆ. ಇದರ ಪರಿಣಾಮ ಸಣ್ಣದಲ್ಲ. 2007ರಲ್ಲಿ ಲೂಯಿ ತೈಫೆರ್, ಸಿರಿಲ್ ಪ್ರೂಸ್ಟ್ ಮೊದಲಾದವರು ಪ್ರಬಲ ಕಾಂತಕ್ಷೇತ್ರದಲ್ಲಿ ಇಟ್ರಿಯಮ್ ಆಕ್ಸೈಡನ್ನು ಪರೀಕ್ಷಿಸಿ, ಅಲ್ಲಿ ಚಿಕ್ಕದಾದ ಆದರೆ ಪೂರ್ಣವಾಗಿ ಮುಚ್ಚಿದ ಫರ್ಮಿ ರೇಖೆ ಇದೆ ಎಂದರು. ಕ್ಷೇತ್ರವಿಲ್ಲದಲ್ಲಿ ತುಂಡು ಕಮಾನು, ಕ್ಷೇತ್ರವಿದ್ದಲ್ಲಿ ಮುಚ್ಚಿದ ಬಳೆ. ಎರಡನ್ನೂ ಒಂದೇ ವಸ್ತುವಿನಲ್ಲಿ, ಒಂದೇ ಸ್ಥಿತಿಯಲ್ಲಿ, ಒಂದೇ ಸಾಧನದಿಂದ ನೋಡಲಾಗದಿರುವುದೇ ಈ ವಿರೋಧಾಭಾಸ ದೀರ್ಘಕಾಲ ಕಾಡಲು ಒಂದು ಕಾರಣ.

ಮೂರನೆಯ ಮಿತಿ ಒತ್ತಡದ್ದು. 2015ರಲ್ಲಿ ಜರ್ಮನಿಯ ಮೈನ್ಸ್‌ನಲ್ಲಿ ಮಿಖಾಯಿಲ್ ಎರೆಮೆಟ್ಸ್ ತಂಡವು ಗಂಧಕ ಮತ್ತು ಜಲಜನಕದ ಸಂಯುಕ್ತವೊಂದರಲ್ಲಿ 203 ಕೆಲ್ವಿನ್ ಮುಟ್ಟಿತ್ತು. ಆದರೆ ಅದು ವಾತಾವರಣದ ಒತ್ತಡದ ಹತ್ತು ಲಕ್ಷ ಪಟ್ಟಿಗೂ ಹೆಚ್ಚಿನ ಒತ್ತಡದಲ್ಲಿ, ಎರಡು ವಜ್ರಗಳ ನಡುವೆ. ಅಲ್ಲಿಂದ ಎಲೆಕ್ಟ್ರಾನ್ ಹೊರಬಂದು ಉಪಕರಣವನ್ನು ಸೇರುವ ಮಾತೇ ಇಲ್ಲ. 2023ರಲ್ಲಿ 80 ಕೆಲ್ವಿನ್ ಆಸುಪಾಸಿನಲ್ಲಿ ಅತಿವಾಹಕವೆಂದು ವರದಿಯಾದ ನಿಕ್ಕಲ್ ಆಕ್ಸೈಡೊಂದರ ಕಥೆಯೂ ಇದೇ ಆಗಿತ್ತು. ಆದರೆ 2024ರ ಕೊನೆಯಲ್ಲಿ ಅದೇ ವಸ್ತುವನ್ನು ತೆಳುಪೊರೆಯಾಗಿ ಬೆಳೆಸಿ, ಹೊರ ಒತ್ತಡವಿಲ್ಲದೆಯೇ 40 ಕೆಲ್ವಿನ್ ಸಮೀಪ ಅತಿವಾಹಕವಾಗಿಸಲು ಸಾಧ್ಯವಾಯಿತು. ತಾಮ್ರಕ್ಕೂ ನಿಕ್ಕಲಿಗೂ ಇರುವ ಸಾಮ್ಯ-ವ್ಯತ್ಯಾಸಗಳನ್ನು ಆರ್ಪೆಸ್‌ನಲ್ಲಿ ಹೋಲಿಸಿ ನೋಡುವ ದಾರಿ ಇದರಿಂದ ತೆರೆದಿದೆ.

ಸಾಧನವೂ ಸುಧಾರಿಸುತ್ತಿದೆ. ಲೇಸರ್ ಬೆಳಕು ಬಳಸಿ ಒಂದು ಮಿಲಿ ಎಲೆಕ್ಟ್ರಾನ್‌ವೋಲ್ಟ್‌ಗಿಂತಲೂ ಸೂಕ್ಷ್ಮವಾಗಿ ಅಳೆಯುವ ಉಪಕರಣಗಳು ಬಂದಿವೆ. ಅತ್ಯಲ್ಪ ಅವಧಿಯ ಲೇಸರ್ ಮಿಡಿತವೊಂದರಿಂದ ಜೋಡಿಗಳನ್ನು ಒಡೆದು, ಅವು ಮತ್ತೆ ಕೂಡುವುದನ್ನು ಇನ್ನೊಂದು ಮಿಡಿತದಿಂದ ಹಂತಹಂತವಾಗಿ ನೋಡುವ ವಿಧಾನವೂ ಬಳಕೆಯಲ್ಲಿದೆ.

ಅರಿತರೆ ಆಗುವ ಲಾಭ

ಇಷ್ಟೆಲ್ಲ ಏಕೆ ಎಂಬ ಪ್ರಶ್ನೆ ಸಹಜ. ನಗರದ ಆಸ್ಪತ್ರೆಗಳಲ್ಲಿರುವ ಎಂಆರ್‌ಐ ಯಂತ್ರಗಳ ಅಯಸ್ಕಾಂತ ಸಾಮಾನ್ಯವಾಗಿ ನಯೋಬಿಯಂ-ಟೈಟಾನಿಯಂ ತಂತಿಯದು. ಹಳೆಯ ಕಾಲದ ಈ ಅತಿವಾಹಕವನ್ನು 4 ಕೆಲ್ವಿನ್ ಆಸುಪಾಸಿನಲ್ಲಿ ಇರಿಸಲು ಬಹುತೇಕ ಯಂತ್ರಗಳಿಗೆ ಸಾವಿರಕ್ಕೂ ಹೆಚ್ಚು ಲೀಟರ್ ದ್ರವ ಹೀಲಿಯಮ್ ಬೇಕಾಗುತ್ತದೆ. ಕೆಲವೇ ಲೀಟರ್‌ಗಳಲ್ಲಿ ಕೆಲಸ ಮಾಡುವ ಯಂತ್ರಗಳು ಈಚೆಗೆ ಬಂದಿವೆಯಾದರೂ, ಹೀಲಿಯಮ್‌ಗಾಗಿ ಭಾರತ ಆಮದನ್ನೇ ನೆಚ್ಚಿಕೊಂಡಿದೆ. ಜಾಗತಿಕ ಮಾರುಕಟ್ಟೆಯಲ್ಲಿ ಹೀಲಿಯಮ್ ಕೊರತೆಯಾದಾಗಲೆಲ್ಲ ಅದರ ಬಿಸಿ ಆಸ್ಪತ್ರೆಗಳಿಗೂ ಪ್ರಯೋಗಾಲಯಗಳಿಗೂ ತಟ್ಟುತ್ತದೆ.

ಸಿದ್ಧಾಂತ ಸಿಗುವವರೆಗೆ ತಂತ್ರಜ್ಞರೇನೂ ಕೈಕಟ್ಟಿ ಕುಳಿತಿಲ್ಲ. ತಾಮ್ರದ ಆಕ್ಸೈಡಿನ ಪಟ್ಟಿಗಳನ್ನು ಸುತ್ತಿ ತಯಾರಿಸಿದ ಅಯಸ್ಕಾಂತವೊಂದು 2021ರಲ್ಲಿ ಅಮೆರಿಕದ ಎಂಐಟಿಯಲ್ಲಿ 20 ಟೆಸ್ಲಾ ಕ್ಷೇತ್ರವನ್ನು ಉಂಟುಮಾಡಿತು. ಪರಮಾಣು ಸಮ್ಮಿಲನದಿಂದ ವಿದ್ಯುತ್ ಪಡೆಯುವ ಯತ್ನಗಳಿಗೆ ಇದು ಬಲ ನೀಡಿದೆ. ಆದರೆ ಇರುವ ವಸ್ತುವನ್ನು ಜಾಣತನದಿಂದ ಬಳಸುವುದು ಬೇರೆ, ಬೇಕಾದ ವಸ್ತುವನ್ನು ಯೋಜಿಸಿ ಸೃಷ್ಟಿಸುವುದು ಬೇರೆ. ಗಂಧಕ-ಜಲಜನಕದ ಸಂಯುಕ್ತದ ವಿಷಯದಲ್ಲಿ ಬಿಸಿಎಸ್ ಸಿದ್ಧಾಂತ ಮೊದಲೇ ದಾರಿ ತೋರಿತ್ತು, ಪ್ರಯೋಗ ಅದನ್ನು ಹಿಂಬಾಲಿಸಿತು. ತಾಮ್ರದ ಆಕ್ಸೈಡುಗಳಿಗೆ ಅಂಥ ದಾರಿದೀಪ ಇನ್ನೂ ಬೇಕಾಗಿದೆ.

ಮುಂದೊಂದು ದಿನ ಕೋಣೆಯ ಉಷ್ಣಾಂಶದ ಅತಿವಾಹಕ ಸಿಕ್ಕಿತೆಂಬ ಸುದ್ದಿ ಮತ್ತೆ ಬಂದೇ ಬರುತ್ತದೆ. ಆಗ ಓದುಗರು ಕೇಳಬೇಕಾದ ಪ್ರಶ್ನೆಗಳು ಮೂರು. ರೋಧ ನಿಜಕ್ಕೂ ಶೂನ್ಯವಾಯಿತೇ? ವಸ್ತುವು ಕಾಂತಕ್ಷೇತ್ರವನ್ನು ತನ್ನ ಒಡಲಿನಿಂದ ಹೊರದೂಡಿತೇ? ಬೇರೆ ಪ್ರಯೋಗಾಲಯಗಳು ಅದನ್ನೇ ಕಂಡವೇ? ಈ ಮೂರಕ್ಕೂ ಹೌದೆಂಬ ಉತ್ತರ ಬಂದರೆ, ಅದರ ಒಂದು ಹರಳು ನಿರ್ವಾತದೊಳಗೆ ಸೀಳಿಸಿಕೊಂಡು ಬೆಳಕಿಗೆ ಮುಖವೊಡ್ಡಲು ಹೆಚ್ಚು ದಿನ ಬೇಕಾಗಲಾರದು. ಅದರೊಳಗಿನ ಎಲೆಕ್ಟ್ರಾನ್‌ಗಳು ಎಷ್ಟು ಗಟ್ಟಿಯಾಗಿ, ಯಾವ ದಿಕ್ಕಿನಲ್ಲಿ ಕೈಹಿಡಿದಿವೆ ಎಂಬುದನ್ನು ಆರ್ಪೆಸ್ ಹೇಳುತ್ತದೆ. ಏಕೆ ಕೈಹಿಡಿದವು ಎಂಬುದನ್ನು ಮನುಷ್ಯನೇ ಯೋಚಿಸಿ ತಿಳಿಯಬೇಕು.